ಏಪ್ರಿಲ್‌ನಲ್ಲಿ ದಾಲ್ ಸರೋವರದ ಶಿಕಾರಾ ವಿಹಾರ ನೆಮ್ಮದಿ ಕೊಡುತ್ತದೆಯೇ?

ಏಪ್ರಿಲ್ ಮೊದಲ ವಾರ ವಯಸ್ಸಾದ ತಂದೆ ತಾಯಿಯರೊಡನೆ ಶ್ರೀನಗರಕ್ಕೆ ಹೊರಟಿದ್ದೀರಿ. ದಾಲ್ ಸರೋವರದ ಶಿಕಾರಾದಲ್ಲಿ (ಮೆತ್ತೆ ಹಾಸಿದ ಕಾಶ್ಮೀರಿ ದೋಣಿ) ಆರಾಮವಾಗಿ ಕುಳಿತು ಬರಲು ಸಾಧ್ಯವೇ ಅಥವಾ ಅಲ್ಲಿ ಬರೀ ವ್ಯಾಪಾರಿಗಳ ಕಾಟವೇ ಎಂದು ಕೇಳಿದ್ದೀರಿ. ಎರಡೂ ನಿಜ. ನಿಮ್ಮ ಪಾಲಿಗೆ ಯಾವುದು ಬರುತ್ತದೆ ಎಂಬುದು ದೋಣಿ ಹತ್ತುವ ಹೊತ್ತಿನ ಮೇಲೆ ನಿಂತಿದೆ.

ನಾನೂ ಇದೇ ಕಾಲದಲ್ಲಿ ನನ್ನ ತಾಯಿಯನ್ನು ಕರೆದುಕೊಂಡು ಹೋಗಿದ್ದೆ. ಮೊದಲ ದಿನ ಸಂಜೆ ಬುಲೆವಾರ್ಡ್ ರಸ್ತೆಯ ಘಾಟಿನಿಂದ ಹೊರಟೆವು. ನೆಹರೂ ಪಾರ್ಕ್ ದಾಟುವಷ್ಟರಲ್ಲಿ ಕೇಸರಿ ಮಾರುವವರು, ಸರ ಮಾರುವವರು, ಕಾಶ್ಮೀರಿ ಉಡುಪು ತೊಡಿಸಿ ಫೋಟೊ ತೆಗೆಯುವವರು ಒಬ್ಬರ ಹಿಂದೊಬ್ಬರಂತೆ ತಮ್ಮ ದೋಣಿಗಳನ್ನು ನಮ್ಮದಕ್ಕೆ ತಾಗಿಸಿಕೊಂಡೇ ಬಂದರು. ಅದು ಅವರ ಹೊಟ್ಟೆಪಾಡು, ತಪ್ಪೆನ್ನಲಾರೆ. ಆದರೆ ಬೇಡ ಬೇಡವೆನ್ನುವುದರಲ್ಲೇ ನಮ್ಮ ಒಂದು ಗಂಟೆ ಮುಗಿದಿತ್ತು.

ಮರುದಿನ ನಸುಕಿನಲ್ಲೇ ಹೊರಟೆವು. ಫೆರನ್ ಎಂಬ ಉದ್ದನೆಯ ಸಡಿಲ ನಿಲುವಂಗಿಯೊಳಗೆ ಕಾಂಗ್ರಿ, ಅಂದರೆ ಬೆತ್ತದ ಹೊದಿಕೆಯ ಕೆಂಡದ ಮಡಕೆ, ಇಟ್ಟುಕೊಂಡಿದ್ದ ಅಂಬಿಗ (ಅಲ್ಲಿ ಹಾಂಜಿ ಎನ್ನುತ್ತಾರೆ) ಹಿಂಬದಿಯಲ್ಲಿ ಕುಳಿತು, ಅರಳಿ ಎಲೆಯ ಆಕಾರದ ಹುಟ್ಟಿನಿಂದ ಸದ್ದಿಲ್ಲದೆ ನೀರು ತಳ್ಳುತ್ತಿದ್ದ. ಹೌಸ್‌ಬೋಟುಗಳ ಸಾಲು ಹಿಂದೆ ಸರಿದ ಮೇಲೆ ವಿಲೋ ಮರಗಳ ನಡುವಿನ ಇಕ್ಕಟ್ಟಾದ ಕಾಲುವೆಗಳು ಬಂದವು. ಅವುಗಳಾಚೆ, ಸೂರ್ಯ ಮೇಲೇರುವ ಮೊದಲೇ ಮುಗಿದುಹೋಗುವ ತೇಲುವ ತರಕಾರಿ ಸಂತೆ. ದೋಣಿಯಿಂದ ದೋಣಿಗೆ ಸೊಪ್ಪು, ಮೂಲಂಗಿ ದಾಟುತ್ತಿದ್ದವು. ಜೊಂಡು, ಕಳೆ ಮತ್ತು ಕೆಸರನ್ನು ಹೆಣೆದು ಮಾಡಿದ ತೇಲುದೋಟಗಳೂ ಆ ಭಾಗದಲ್ಲೇ ಇವೆ. ಅವನ್ನು ಕಟ್ಟು ಬಿಚ್ಚಿ ಎಳೆದೊಯ್ಯಬಹುದಾದ್ದರಿಂದ ಹಿಂದೆ ತೋಟವನ್ನೇ ಕದಿಯುವ ಕಳ್ಳರಿದ್ದರಂತೆ. ಹೊಲದ ಬದು ಒತ್ತುವ ಜಗಳಗಳನ್ನು ಕಂಡು ಬೆಳೆದ ನನ್ನ ತಾಯಿಗೆ ಇದು ಎಲ್ಲಕ್ಕಿಂತ ಹಿಡಿಸಿತು.

ವಸಂತದಲ್ಲಿ ಏನು ಕಾಣುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಚಿತ್ರಗಳಲ್ಲಿ ಕಾಣುವ ತಾವರೆಗಳು ಜುಲೈ, ಆಗಸ್ಟ್ ತಿಂಗಳಿನವು. ಏಪ್ರಿಲ್‌ನಲ್ಲಿ ಅವು ಇರುವುದಿಲ್ಲ. ಚಾರ್ ಚಿನಾರ್ ದ್ವೀಪದ ಮರಗಳೂ ಆಗಷ್ಟೇ ಚಿಗುರುತ್ತಿರುತ್ತವೆ. ಅದರ ಬದಲಿಗೆ, ಗಾಳಿಯಿಲ್ಲದ ಬೆಳಗಿನಲ್ಲಿ ಜಬರ್ವಾನ್ ಬೆಟ್ಟಸಾಲು ನೀರಿನಲ್ಲಿ ತಲೆಕೆಳಗಾಗಿ ನಿಲ್ಲುತ್ತದೆ, ದೂರದ ಶಿಖರಗಳಲ್ಲಿ ಇನ್ನೂ ಹಿಮವಿರುತ್ತದೆ. ಅದೇ ಬೆಟ್ಟದ ಬುಡದಲ್ಲಿ 2007ರಲ್ಲಿ ತೆರೆದ ಟ್ಯುಲಿಪ್ ತೋಟ ವರ್ಷದಲ್ಲಿ ಸುಮಾರು ಒಂದು ತಿಂಗಳು ಮಾತ್ರ ಅರಳಿರುತ್ತದೆ, ನಿಮ್ಮ ದಿನಾಂಕ ಅದಕ್ಕೆ ಸರಿಹೊಂದುತ್ತದೆ. ಜಹಾಂಗೀರ್ 1619ರಲ್ಲಿ ಮಾಡಿಸಿದ ಶಾಲಿಮಾರ್ ತೋಟಕ್ಕೂ ದೋಣಿಯಲ್ಲೇ ಹೋಗಬಹುದಾದರೂ ಅದು ಬಹಳ ಹೊತ್ತಿನ ಪ್ರಯಾಣ. ಹಿರಿಯರಿದ್ದರೆ ಕಾರೇ ಸರಿ.

ಶಿಕಾರಾದ ಮೆತ್ತೆ ನೆಲಕ್ಕೆ ಹತ್ತಿರವಿರುತ್ತದೆ. ಮಂಡಿನೋವಿದ್ದವರು ಕೂರುವುದಕ್ಕಿಂತ ಏಳುವುದಕ್ಕೇ ಹೆಚ್ಚು ಕಷ್ಟಪಡುತ್ತಾರೆ, ಆದ್ದರಿಂದ ಒಂದು ದಿಂಬು ಹೆಚ್ಚಿಗೆ ಕೇಳಿ ಪಡೆಯಿರಿ. ಹತ್ತುವಾಗ ಅಂಚಿನ ಮೇಲೆ ಕಾಲಿಡದೆ ನಡುಭಾಗಕ್ಕೇ ಇಡಲು ಹೇಳಿ. ಬಾಡಿಗೆ ತಲೆಗಿಷ್ಟೆಂದಲ್ಲ, ಇಡೀ ದೋಣಿಗೆ ಗಂಟೆಗಿಷ್ಟೆಂದು ಮಾತಾಡಿಕೊಳ್ಳಿ; ಯಾವ ಕಾಲುವೆಗಳಲ್ಲಿ ಸುತ್ತಿಸುತ್ತಾರೆಂಬುದನ್ನೂ ಆಗಲೇ ಕೇಳಿಬಿಡಿ. ಮಧ್ಯಾಹ್ನದ ನಂತರ ಗಾಳಿ ಮಳೆ ಬರುವುದುಂಟು. ಬೆಳಗ್ಗೆ ಸ್ವೆಟರ್, ಶಾಲು ಎರಡೂ ಬೇಕಾಗುತ್ತವೆ; ನಮ್ಮಮ್ಮ ಶಾಲು ಮರೆತು ಬಂದು, ದೋಣಿಯಲ್ಲೇ ಕಹ್ವಾ (ಕಾಶ್ಮೀರಿ ಮಸಾಲೆ ಚಹಾ) ಮಾರಲು ಬಂದವನಿಂದ ಮೂರು ಲೋಟ ಕುಡಿದರು. ಆ ವ್ಯಾಪಾರಿಗೆ ಮಾತ್ರ ನಾವು ಬೇಡವೆನ್ನಲಿಲ್ಲ.