ಕೋಟಿನ ಜಗ್ಗಾಟ ನೋಡಿ ಬೇಸತ್ತ ಮೇಷ್ಟ್ರಿಗೆ

ಮಂಡ್ಯದಿಂದ ನಿವೃತ್ತ ಮೇಷ್ಟ್ರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ವಿಶ್ವ ಜೂಡೊ ಚಾಂಪಿಯನ್‌ಷಿಪ್‌ಗೆ ನಾವು ಎರಡು ಪುಟ ಕೊಟ್ಟಿದ್ದು ಅವರಿಗೆ ಹಿಡಿಸಿಲ್ಲ. ಮೊಮ್ಮಗಳ ಜೊತೆ ಕೂತು ಮೊಬೈಲಿನಲ್ಲಿ ಪಂದ್ಯಗಳನ್ನೂ ನೋಡಿದರಂತೆ. "ಒಬ್ಬರ ಕೋಟು ಒಬ್ಬರು ಜಗ್ಗಾಡ್ತಾರೆ, ಯಾರೂ ಬೀಳಲ್ಲ. ಕೊನೆಗೆ ರೆಫರಿ ಒಬ್ಬಳಿಗೆ ಶಿಕ್ಷೆ ಕೊಟ್ಟು ಇನ್ನೊಬ್ಬಳನ್ನ ಗೆಲ್ಲಿಸ್ತಾನೆ. ಸೋತವಳಿಗೂ ಕಂಚು! ನಮ್ಮ ಗರಡಿ ಹುಡುಗರನ್ನ ಕಳಿಸಿ, ಒಂದೇ ನಿಮಿಷದಲ್ಲಿ ಕಾಲು ಎಳೆದು ಚಿತ್ ಮಾಡ್ತಾರೆ" ಅನ್ನುವುದು ಅವರ ವಾದ. ದಸರಾ ಕುಸ್ತಿಗೆ ನಾವು ಅರ್ಧ ಪುಟ ಮಾತ್ರ ಕೊಟ್ಟಿದ್ದೆವು ಎಂಬ ಸಿಟ್ಟೂ ಇದೆ. ಇಷ್ಟೆಲ್ಲ ಬೈದ ಮೇಲೆ ಕೊನೆಯಲ್ಲೊಂದು ಪ್ರಶ್ನೆ: ಒಂಬತ್ತು ವರ್ಷದ ಮೊಮ್ಮಗಳು ಜೂಡೊ ಕ್ಲಾಸಿಗೆ ಸೇರುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಕಳಿಸಬಹುದಾ?

ಮೇಷ್ಟ್ರೇ, ಮೊದಲು ಜಗ್ಗಾಟದ ವಿಚಾರಕ್ಕೆ ಬರೋಣ. ಗರಡಿ ನೋಡಿ ಬೆಳೆದವರ ಕಣ್ಣು ತಾನಾಗಿ ಸೊಂಟಕ್ಕೆ, ಕಾಲಿಗೆ ಹೋಗುತ್ತದೆ. ಜೂಡೊ ನೋಡುವಾಗ ಕೈ ನೋಡಬೇಕು. ಏನೂ ನಡೆಯಲಿಲ್ಲ ಅಂತ ನಿಮಗೆ ಅನಿಸಿದ ಆ ಹೊತ್ತಿನಲ್ಲೇ ಅರ್ಧ ಪಂದ್ಯ ಮುಗಿದಿರುತ್ತದೆ. ಬಲಗೈ ಆಟಗಾರ್ತಿಗೆ ಎರಡು ಹಿಡಿತ ಬೇಕು: ಬಲಗೈಯಲ್ಲಿ ಎದುರಾಳಿಯ ಕಾಲರ್, ಎಡಗೈಯಲ್ಲಿ ಅವಳ ತೋಳಿನ ಬಟ್ಟೆ. ಎರಡರಲ್ಲಿ ತೋಳೇ ಮುಖ್ಯ. ಯಾಕೆಂದರೆ ತೋಳು ಸಿಗದೆ ಎಸೆದರೆ ಎದುರಾಳಿ ಬೀಳುವಾಗ ಕೈ ಊರುತ್ತಾಳೆ, ಹೊಟ್ಟೆ ಮೇಲೆ ಹೊರಳಿಕೊಳ್ಳುತ್ತಾಳೆ. ಅಂಕ ಇಲ್ಲ, ಎಸೆದ ಶ್ರಮವೆಲ್ಲ ದಂಡ. ಅದಕ್ಕೇ ಒಬ್ಬಳು ತೋಳು ಹಿಡಿದ ಕೂಡಲೇ ಇನ್ನೊಬ್ಬಳು ಕೊಸರಿ ಬಿಡಿಸಿಕೊಳ್ಳುವುದು. ಒಬ್ಬಳು ಎಡಗೈ, ಇನ್ನೊಬ್ಬಳು ಬಲಗೈ ಆಟದವಳಾದರೆ ಇಬ್ಬರ ಮುಂದಿನ ಕೈಗಳೂ ಒಂದಕ್ಕೊಂದು ಅಡ್ಡ ಬರುತ್ತವೆ, ಇಬ್ಬರಿಗೂ ತೋಳು ಸಿಗುವುದು ಕಷ್ಟ. ನೀವು ನೋಡಿ ಬೇಸತ್ತ ಪಂದ್ಯ ಬಹುಶಃ ಅಂಥದ್ದೇ. ಮುಂದಿನ ಸಲ ಸ್ಕೋರ್ ಬೋರ್ಡು ಬಿಟ್ಟುಬಿಡಿ. ತೋಳು ಯಾರಿಗೆ ಸಿಕ್ಕಿತು ಅಂತ ಮಾತ್ರ ನೋಡಿ.

ಎಸೆತ ಸರಿಯಾಗಿ ಬಿದ್ದರೆ, ಅಂದರೆ ಬೆನ್ನು ಪೂರ್ತಿ ಚಾಪೆಗೆ ಬಡಿಯಬೇಕು, ಅದರಲ್ಲಿ ಬಲ, ವೇಗ, ಹತೋಟಿ ಎಲ್ಲ ಇರಬೇಕು, ಆಗ ಅದು ಇಪ್ಪಾನ್. ಪಂದ್ಯ ಅಲ್ಲಿಗೇ ಮುಗಿಯಿತು. ನಿಮ್ಮ ಚಿತ್‌ನಷ್ಟೇ ಖುಷಿ ಕೊಡುವ ಕ್ಷಣ ಅದು. ಅರೆಬರೆ ಬಿದ್ದರೆ ವಜಾರಿ, ಎರಡು ವಜಾರಿ ಸೇರಿದರೆ ಒಂದು ಇಪ್ಪಾನ್. ನೆಲದಲ್ಲಿ 20 ಸೆಕೆಂಡ್ ಒತ್ತಿ ಹಿಡಿದರೂ ಇಪ್ಪಾನ್. ಸಮಯ 4 ನಿಮಿಷ. ಅಷ್ಟರಲ್ಲಿ ತೀರ್ಮಾನವಾಗದಿದ್ದರೆ ಗೋಲ್ಡನ್ ಸ್ಕೋರ್, ಅಂದರೆ ಮೊದಲು ಅಂಕ ಗಳಿಸಿದವರೇ ಗೆದ್ದ ಹಾಗೆ, ಅದಕ್ಕೆ ಕಾಲಮಿತಿಯೇ ಇಲ್ಲ. ಮಾರ್ಫಿಟ್ ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಶಿಕ್ಷೆಯ ಬಗ್ಗೆ ನಿಮ್ಮ ಸಿಟ್ಟು ಅರ್ಧ ನ್ಯಾಯವೇ. ಜೂಡೊದಲ್ಲಿ ಸಣ್ಣ ತಪ್ಪಿಗೆ ಕೊಡುವ ಶಿಕ್ಷೆಗೆ ಶಿಡೊ ಅನ್ನುತ್ತಾರೆ, ಮೂರು ಶಿಡೊ ಆದರೆ ಆಟಗಾರ ಹೊರಗೆ. ಈ ನಿಯಮ ಇಲ್ಲದಿದ್ದರೆ ಒಂದು ಅಂಕ ಗಳಿಸಿದವರು ಉಳಿದ ಸಮಯವೆಲ್ಲ ಚಾಪೆ ಸುತ್ತ ಓಡಾಡಿಕೊಂಡಿರುತ್ತಾರೆ. ಆದರೂ ಫೈನಲ್ ಒಂದು ಮೂರನೇ ಶಿಡೊದಲ್ಲಿ ಮುಗಿದರೆ ನನಗೂ ಚಪ್ಪಾಳೆ ತಟ್ಟಲು ಮನಸ್ಸು ಬರುವುದಿಲ್ಲ. ಅಂತರರಾಷ್ಟ್ರೀಯ ಫೆಡರೇಷನ್‌ಗೂ ತನ್ನ ನಿಯಮಗಳ ಮೇಲೆ ಪೂರ್ತಿ ನಂಬಿಕೆ ಇದ್ದಂತಿಲ್ಲ. ಯುಕೊ ಎಂಬ ಸಣ್ಣ ಅಂಕವನ್ನು 2017ರಲ್ಲಿ ತೆಗೆದರು, 2025ರಲ್ಲಿ ಮತ್ತೆ ತಂದರು.

ಕಂಚಿನ ಲೆಕ್ಕ ಸುಲಭ. ಕ್ವಾರ್ಟರ್ ಫೈನಲ್‌ನಲ್ಲಿ ಸೋತ ನಾಲ್ವರಿಗೆ ಇನ್ನೊಂದು ಅವಕಾಶ ಇರುತ್ತದೆ. ಅವರಲ್ಲಿ ಗೆದ್ದ ಇಬ್ಬರು ಸೆಮಿಫೈನಲ್‌ನಲ್ಲಿ ಸೋತವರ ಜೊತೆ ಆಡುತ್ತಾರೆ. ಹೀಗೆ ಕಂಚು ಎರಡು. ಸುಮ್ನೆ ಕೊಡುವುದಲ್ಲ, ಆಡಿಯೇ ಗೆಲ್ಲಬೇಕು.

ಇನ್ನು ಗರಡಿ ಹುಡುಗರು. ಇಲ್ಲಿ ನಿಮ್ಮ ಮಾತು ಒಪ್ಪಲಾರೆ. ನಿಂತು ಆಡುವಾಗ ಕಾಲಿಗೆ ಕೈ ಹಾಕುವುದಕ್ಕೆ 2010ರಲ್ಲಿ ಕಡಿವಾಣ ಬಿತ್ತು, 2013ರಲ್ಲಿ ಪೂರ್ತಿ ನಿಷೇಧವಾಯಿತು. ನಿಮ್ಮ ಹುಡುಗ ಕಾಲು ಎಳೆದರೆ ಶಿಕ್ಷೆ ಅವನಿಗೇ. ಅದಕ್ಕೂ ಮುಂಚೆ ಆಗಿದ್ದರೆ ನಿಮ್ಮ ವಾದಕ್ಕೆ ಒಳ್ಳೆಯ ಸಾಕ್ಷಿಯೇ ಇತ್ತು. ಮಂಗೋಲಿಯಾದ ತುವ್‌ಶಿನ್‌ಬಾಯರ್ ತಮ್ಮ ದೇಶದ ಕುಸ್ತಿಯಲ್ಲಿ ಪಳಗಿದವರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ, ಅಥೆನ್ಸ್‌ನ ಚಿನ್ನ ಗೆದ್ದಿದ್ದ ಜಪಾನಿನ ಕೇಜಿ ಸುಜುಕಿಯನ್ನು ಮೊದಲ ಸುತ್ತಿನಲ್ಲೇ ಕಾಲಿಗೆ ಕೈ ಹಾಕಿ ಕೆಡವಿದರು. ಅವರು 100 ಕೆ.ಜಿ. ವಿಭಾಗದಲ್ಲಿ ಗೆದ್ದ ಚಿನ್ನ ಮಂಗೋಲಿಯಾಕ್ಕೆ ಮೊಟ್ಟಮೊದಲ ಒಲಿಂಪಿಕ್ ಚಿನ್ನ. ನಿಯಮ ಬದಲಾದ ಮೇಲೂ ಜಾರ್ಜಿಯಾದವರು ಜೂಡೊದಲ್ಲಿ ಮುಂದೆಯೇ ಇದ್ದಾರೆ. ಅವರ ಊರ ಕುಸ್ತಿ ಚಿದಾವೊಬಾದಲ್ಲೂ ಗಿಡ್ಡ ಕೋಟು ಇದೆ. ಅವರಿಗೆ ಬಟ್ಟೆ ಹಿಡಿಯುವುದು ಚಿಕ್ಕಂದಿನಿಂದ ಬಂದ ವಿದ್ಯೆ. ನಮ್ಮವರು ಮಟ್ಟಿಯಲ್ಲಿ ಬರಿ ಮೈಯಲ್ಲಿ ಆಡುವವರು. ಕತ್ತು, ಮಣಿಕಟ್ಟು ಹಿಡಿದು ಗೊತ್ತು, ಕಾಲರ್ ಹಿಡಿದು ಗೊತ್ತಿಲ್ಲ. ಧೋಬಿ ಪಟ್ಟು ಬಲ್ಲವನಿಗೆ ಜೂಡೊದ ಸೆಯೊಯಿ ನಾಗೆ, ಅಂದರೆ ಎದುರಾಳಿಯನ್ನು ಹೆಗಲ ಮೇಲಿಂದ ಎಸೆಯುವ ಪಟ್ಟು, ಬೇಗ ಬರುತ್ತದೆ, ನಿಜ. ಆದರೆ ಆ ಪಟ್ಟಿಗೆ ಜಾಗ ಸಿಗಬೇಕಾದರೆ ಮೊದಲು ತೋಳು ಕೈಗೆ ಸಿಗಬೇಕಲ್ಲ!

ದೂರದ ದೇಶದ ಆಟ ಅಂತ ತಳ್ಳಿಹಾಕುವ ಹಾಗೂ ಇಲ್ಲ. ಜೂಡೊದ ಯಾವ ವಯೋಮಿತಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಭಾರತಕ್ಕೆ ಬಹಳ ಕಾಲ ಪದಕವೇ ಬಂದಿರಲಿಲ್ಲ. ಮೊದಲನೆಯದು ಬಂದದ್ದು 2022ರಲ್ಲಿ, ಸರಾಯೆವೊದಲ್ಲಿ ನಡೆದ ಕೆಡೆಟ್, ಅಂದರೆ ಹದಿಹರೆಯದವರ, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ. ಅದೂ ಚಿನ್ನ. ಗೆದ್ದವರು 57 ಕೆ.ಜಿ. ವಿಭಾಗದ ಲಿಂಥೋಯ್ ಚನಂಬಮ್. ಮಣಿಪುರದ ಹುಡುಗಿ, ತರಬೇತಿ ಪಡೆದದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, ಜಾರ್ಜಿಯಾದ ಕೋಚ್ ಕೈಕೆಳಗೆ. ಪುಟದ ತಕರಾರಿಗೂ ಉತ್ತರ ಕೊಟ್ಟುಬಿಡುತ್ತೇನೆ. ದೇವರಾಜ ಅರಸು ಕ್ರೀಡಾಂಗಣದ ಕುಸ್ತಿಗೆ ಈ ದಸರಾಕ್ಕೆ ಜಾಸ್ತಿ ಜಾಗ ಇರುತ್ತದೆ. ನೀವು ಸ್ಕೇಲ್ ಹಿಡಿದು ಅಳೆಯುತ್ತೀರಿ ಅಂತ ಗೊತ್ತಾಯಿತು!

ಮೊಮ್ಮಗಳನ್ನು ಧಾರಾಳವಾಗಿ ಕಳಿಸಿ. ಆದರೆ ಫೀಸು ಕಟ್ಟುವ ಮುಂಚೆ ನೀವೇ ಹೋಗಿ ಒಂದು ಕ್ಲಾಸು ಪೂರ್ತಿ ಕೂತು ನೋಡಿ. ಹೊಸ ಮಕ್ಕಳಿಗೆ ಮೊದಲು ಬೀಳುವುದನ್ನು ಕಲಿಸಬೇಕು: ಗದ್ದ ಎದೆಗೆ ಒತ್ತಿ, ಕೈಯಿಂದ ಚಾಪೆ ಬಡಿದು, ತಲೆ ನೆಲಕ್ಕೆ ತಾಗದ ಹಾಗೆ. ಇದು ಸಣ್ಣ ಮಾತಲ್ಲ. ಜಪಾನಿನ ಶಾಲೆಗಳಲ್ಲಿ 1983ರಿಂದ ಈಚೆಗೆ ಜೂಡೊ ಕಲಿಯುವಾಗ ನೂರಕ್ಕೂ ಹೆಚ್ಚು ಮಕ್ಕಳು ಸತ್ತಿದ್ದಾರೆ. ಅದರಲ್ಲಿ ತಲೆಗೆ ಪೆಟ್ಟು ಬಿದ್ದವರೇ ಜಾಸ್ತಿ. ಸೇರಿದ ವಾರದಲ್ಲೇ ಮಕ್ಕಳನ್ನು ಹಿಂದಕ್ಕೆ ಎತ್ತಿ ಒಗೆಯುವ ಕ್ಲಾಸಾದರೆ ಬೇಡವೇ ಬೇಡ. ಚಾಪೆಗಳ ನಡುವೆ ಸಂದು ಇದೆಯಾ, ಕೆಳಗೆ ಬರಿ ಸಿಮೆಂಟಾ, ನೋಡಿ. ಕತ್ತು ಅಮುಕುವ, ಮೊಣಕೈ ತಿರುಚುವ ಪಟ್ಟುಗಳು ಈ ವಯಸ್ಸಿಗೆ ಬೇಡ.

ತೂಕದ ಬಗ್ಗೆಯೂ ಕೇಳಿ. ಕಡಿಮೆ ತೂಕದ ವಿಭಾಗಕ್ಕೆ ಇಳಿಸಲು ಮಗುವಿಗೆ ರಾತ್ರಿ ಊಟ ಬಿಡಿಸಿ ಅನ್ನುವ ಕೋಚ್ ಸಿಕ್ಕರೆ ಅವತ್ತೇ ಮನೆಗೆ ಕರೆದುಕೊಂಡು ಬನ್ನಿ. ಪ್ರೈಮರಿ ಶಾಲೆಯ ಮಕ್ಕಳ ರಾಷ್ಟ್ರಮಟ್ಟದ ಟೂರ್ನಿಯನ್ನು ಜಪಾನಿನ ಫೆಡರೇಷನ್ನೇ 2022ರಲ್ಲಿ ನಿಲ್ಲಿಸಿತು. ಮಕ್ಕಳ ತೂಕ ಇಳಿಸುವುದು, ರೆಫರಿ ಮೇಲೆ ದೊಡ್ಡವರು ಕೂಗಾಡುವುದು ವಿಪರೀತವಾಗಿತ್ತು. ನೀವು ರೆಫರಿಯನ್ನು ಬೈದ ರೀತಿ ನೋಡಿದರೆ ಅಲ್ಲಿ ಗ್ಯಾಲರಿಯಲ್ಲಿ ನಿಮ್ಮನ್ನು ಕೂರಿಸುವುದೂ ಕಷ್ಟವೇ.

ಬಟ್ಟೆ ಕೊಳ್ಳುವಾಗ ಒಂದು ಸೈಜು ದೊಡ್ಡದೇ ತಗೊಳ್ಳಿ. ದಪ್ಪ ಹತ್ತಿ ಬಟ್ಟೆ, ಒಗೆದರೆ ಕುಗ್ಗುತ್ತದೆ. ಕರಾಟೆ ಬಟ್ಟೆಯೇ ಸಾಕು ಅಂತ ಅಂಗಡಿಯವರು ಹೇಳಿದರೆ ಒಪ್ಪಬೇಡಿ, ಅದು ತೆಳು, ನಾಲ್ಕು ಸಲ ಜಗ್ಗಿದರೆ ಹೆಗಲ ಹೊಲಿಗೆ ಬಿಟ್ಟುಕೊಳ್ಳುತ್ತದೆ.

– ಸಂ.