ಹಿಮ ಬೀಳುವ ಊರಲ್ಲಿ ಕಾರಿಗೆ ಎಮರ್ಜೆನ್ಸಿ ಕಿಟ್: ಅಂಗಡಿಯದು ಸಾಕಾ?

ಅಮೆರಿಕದ ನಾರ್ತ್ ಡಕೋಟ ರಾಜ್ಯದ ಫಾರ್ಗೋಗೆ ಹೊಸದಾಗಿ ಬಂದಿದ್ದೀರಿ. ಹಳೆಯ ಕಾರು ಕೊಂಡಿದ್ದೀರಿ. ತಿಂಗಳಿಗೆ ಎರಡು ಸಲ ಹೆಂಡತಿ ಮತ್ತು ಎರಡು ವರ್ಷದ ಮಗಳ ಜೊತೆ ಮಿನಿಯಾಪೊಲಿಸ್‌ಗೆ ಓಡಾಡಬೇಕು. ಅಂಗಡಿಯಲ್ಲಿ ಚೀಲ ಸಮೇತ ಸಿಗುವ ಎಮರ್ಜೆನ್ಸಿ ಕಿಟ್ ಸಾಕಾ ಎಂದು ಕೇಳಿದ್ದೀರಿ.

ಸಾಕಾಗುವುದಿಲ್ಲ. ಆ ಚೀಲ ಬಿಚ್ಚಿ ನೋಡಿ. ಜಂಪರ್ ಕೇಬಲ್, ಸಣ್ಣ ಟಾರ್ಚ್, ಸ್ಕ್ರೂಡ್ರೈವರ್, ಎರಡು ಬ್ಯಾಂಡೇಜ್, ರಸ್ತೆಯಲ್ಲಿ ಇಡುವ ಕೆಂಪು ತ್ರಿಕೋನ. ಹೆಚ್ಚಿನದೆಲ್ಲ ಕಾರಿಗೆ ಬೇಕಾದದ್ದು. ಆ ಕಾರಿನೊಳಗೆ ಇಡೀ ರಾತ್ರಿ ಕೂರಬೇಕಾಗಿ ಬಂದರೆ ನಿಮ್ಮ ಮೂವರಿಗೆ ಅದರಲ್ಲಿ ಏನಿದೆ?

ನಾನು 14 ವರ್ಷದಿಂದ ಪಕ್ಕದ ರಾಜ್ಯ ಮಿನೆಸೋಟದಲ್ಲಿದ್ದೇನೆ. ಚಳ್ಳಕೆರೆ ಕಡೆಯ ಬಿಸಿಲಲ್ಲಿ ಬೆಳೆದವನು. ನೀವು ಹೋಗಿಬರುವ ಐ-94 ರಸ್ತೆಯಲ್ಲೇ, ಫರ್ಗಸ್ ಫಾಲ್ಸ್ ಹತ್ತಿರ, ನನ್ನ ಎರಡನೇ ಚಳಿಗಾಲದಲ್ಲಿ ಕಾರು ಹಳ್ಳಕ್ಕೆ ಜಾರಿತು. ಆವತ್ತು ಹೊಸ ಹಿಮ ಒಂದು ಚೂರೂ ಬೀಳಲಿಲ್ಲ. ಮೇಲೆ ನೀಲಿ ಆಕಾಶ, ಬಿಸಿಲು. ಆದರೆ ಎರಡು ದಿನದ ಹಿಂದೆ ಬಿದ್ದಿದ್ದ ಹಿಮವನ್ನು ಗಾಳಿ ಹೊಲದಿಂದ ಎತ್ತಿ ರಸ್ತೆಗೆ ತೂರುತ್ತಿತ್ತು. ಇಲ್ಲಿ ಅದಕ್ಕೆ ಗ್ರೌಂಡ್ ಬ್ಲಿಝರ್ಡ್ ಅಂತಾರೆ. ಆ ಕಡೆ ನೆಲ ಅಂಗೈಯಷ್ಟು ಸಪಾಟು. ಗಾಳಿಗೆ ಅಡ್ಡ ಬರುವ ಮರ, ಗುಡ್ಡ ಕಡಿಮೆ. ಬಾನೆಟ್ ಆಚೆ ಏನೂ ಕಾಣದ ಹಾಗಾಗಲು ಐದು ನಿಮಿಷ ಸಾಕಾಯಿತು.

ಆರು ಗಂಟೆ ಅಲ್ಲೇ ಕೂತಿದ್ದೆ. ಮೈಮೇಲೆ ತೆಳು ಜಾಕೆಟ್, ಕಾಲಿಗೆ ಆಫೀಸ್ ಶೂ. ದಪ್ಪ ಕೋಟು, ಸಲಿಕೆ, ಕೈಗವಸು ಎಲ್ಲವೂ ಡಿಕ್ಕಿಯಲ್ಲಿದ್ದವು. ಡಿಕ್ಕಿ ಬಾಗಿಲು ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ತೆಗೆಯಲು ಹೋಗಿ ಬೆರಳ ತುದಿ ಮರಗಟ್ಟಿದ್ದಷ್ಟೇ ಬಂತು. ದೂರದಲ್ಲಿ ತೋಟದ ಮನೆಯದೊಂದು ದೀಪ ಆಗಾಗ ಮಿನುಗುತ್ತಿತ್ತು. ನಡೆದೇ ಹೋಗಿಬಿಡೋಣ ಅನ್ನಿಸಿತು. ಇಲ್ಲಿನ ತುರ್ತು ಸಹಾಯದ ನಂಬರ್ 911ರಲ್ಲಿ ಮಾತಾಡಿದ ಹೆಂಗಸು ಒಂದೇ ಮಾತು ಮೂರು ಸಲ ಹೇಳಿದರು: ಕಾರು ಬಿಟ್ಟು ಇಳಿಯಬೇಡಿ. ಆ ಬಿಳಿ ಗಾಳಿಯಲ್ಲಿ ಹತ್ತು ಹೆಜ್ಜೆ ಹೋದರೆ ಹಿಂದೆ ನಿಂತ ಕಾರೂ ಕಾಣುವುದಿಲ್ಲ. ಹುಡುಕುವವರಿಗೆ ಕಾರು ಸಿಗುತ್ತದೆ, ಮನುಷ್ಯ ಸಿಗುವುದು ಕಷ್ಟ. ರಾತ್ರಿ ಹಿಮ ತೆಗೆಯುವ ಲಾರಿಯ ಹಿಂದೆ ಬಂದ ಪೊಲೀಸರು ನನ್ನನ್ನು ಕರೆದುಕೊಂಡು ಹೋದರು.

ಅದಕ್ಕೇ ಮೊದಲು ಹೇಳುತ್ತೇನೆ, ಜೀವ ಉಳಿಸುವ ಸಾಮಾನು ಯಾವುದೂ ಡಿಕ್ಕಿಯಲ್ಲಿ ಬೇಡ. ಹಿಂದಿನ ಸೀಟಿನ ಕಾಲ ಬಳಿ, ಕೈ ಚಾಚಿದರೆ ಸಿಗುವ ಹಾಗೆ ಇಡಿ. ಸಲಿಕೆ ಕೂಡ.

ನೀವೇ ಕಟ್ಟುವ ಚೀಲದಲ್ಲಿ ಮುಖ್ಯವಾದದ್ದು ಬೆಚ್ಚಗಿನದು. ಒಬ್ಬೊಬ್ಬರಿಗೆ ಒಂದು ಸ್ಲೀಪಿಂಗ್ ಬ್ಯಾಗ್ ಅಥವಾ ಉಣ್ಣೆಯ ಕಂಬಳಿ. ಹತ್ತಿಯ ಹೊದಿಕೆ ಬೇಡ. ಹತ್ತಿ ಒದ್ದೆಯಾದರೆ ಮೈಯ ಬಿಸಿಯನ್ನೇ ಹೀರಿಬಿಡುತ್ತದೆ. ಜೀನ್ಸ್ ಕೂಡ ಹಾಗೇ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬಿಸಿ ಹಿಡಿದುಕೊಳ್ಳುತ್ತದೆ. ನನ್ನ ಕಾರಿನಲ್ಲಿ ಊರಿಂದ ತಂದ ಕರಿ ಕಂಬಳಿ ಇದೆ. ಕುರುಬರು ಹೊಲದಲ್ಲಿ ಮಳೆಗೂ ಚಳಿಗೂ ಹೊದೆಯುವಂಥದ್ದು. ಚುಚ್ಚುತ್ತದೆ, ಭಾರ, ಆದರೆ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಸೂಟ್‌ಕೇಸಲ್ಲಿ ಜಾಗ ಇದ್ದರೆ ಖಂಡಿತ ಒಂದು ತನ್ನಿ. ಜೊತೆಗೆ ಎಲ್ಲರಿಗೂ ಒಂದೊಂದು ಜೊತೆ ಉಣ್ಣೆ ಸಾಕ್ಸ್, ಟೋಪಿ, ಬೆರಳು ಬೇರೆ ಮಾಡದ ಮಿಟನ್. ಕೈಗವಸಿಗಿಂತ ಮಿಟನ್ ಬೆಚ್ಚಗೆ, ಬೆರಳುಗಳು ಒಂದಕ್ಕೊಂದು ಬಿಸಿ ಕೊಡುತ್ತವೆ. ಮನೆಯಿಂದ ಚಪ್ಪಲಿಯಂಥ ಶೂ ಹಾಕಿಕೊಂಡು ಹೊರಟರೂ ಬೂಟು ಕಾರಿನಲ್ಲಿರಲಿ.

ಮಗಳ ವಿಷಯ ಸ್ವಲ್ಪ ಬೇರೆ. ದಪ್ಪ ಜಾಕೆಟ್ ಹಾಕಿ ಕಾರ್ ಸೀಟಿಗೆ ಬೆಲ್ಟ್ ಬಿಗಿಯಬೇಡಿ. ಅಪಘಾತವಾದರೆ ಆ ಜಾಕೆಟ್ಟಿನ ಗಾಳಿಯೆಲ್ಲ ಅದುಮಿ ಹೋಗಿ ಬೆಲ್ಟ್ ಸಡಿಲವಾಗುತ್ತದೆ. ತೆಳು ಸ್ವೆಟರ್ ಮೇಲೆ ಬೆಲ್ಟ್ ಹಾಕಿ, ಅದರ ಮೇಲೆ ಹೊದಿಕೆ ಹೊದಿಸಿ. ಜಾಕೆಟ್ ಪಕ್ಕದಲ್ಲೇ ಇರಲಿ. ಡೈಪರ್, ಒರೆಸುವ ಬಟ್ಟೆ, ಅವಳಿಗೆ ಬೇಕಾದ ಔಷಧಿ ಒಂದು ದಿನಕ್ಕೆ ಆಗುವಷ್ಟು ಜಾಸ್ತಿಯೇ ಇಟ್ಟುಕೊಳ್ಳಿ. ಅವಳಿಗೆ ಇಷ್ಟವಾದ ಒಂದು ಆಟಿಕೆ ಕೂಡ. ಕತ್ತಲಲ್ಲಿ ಅಳುವ ಮಗುವನ್ನು ಸಮಾಧಾನ ಮಾಡುವುದೂ ಆ ರಾತ್ರಿಯ ಕೆಲಸವೇ ಅಲ್ವಾ?

ಈಗ ದಯವಿಟ್ಟು ಗಮನ ಇಟ್ಟು ಓದಬೇಕಾದ ಮಾತು. 2022ರ ಜನವರಿ ಮೊದಲ ವಾರ ಎರಡು ಕಡೆ ಹಿಮದಲ್ಲಿ ಕಾರುಗಳು ಸಾಲುಗಟ್ಟಿ ಸಿಕ್ಕಿಬಿದ್ದವು. ಒಂದು ಅಮೆರಿಕದ ವರ್ಜೀನಿಯಾದಲ್ಲಿ, ಐ-95 ರಸ್ತೆಯಲ್ಲಿ. ಅಲ್ಲಿನ ಸೆನೆಟರ್ ಟಿಮ್ ಕೇನ್ ಕೂಡ ಆ ಸಾಲಿನಲ್ಲಿದ್ದರು. ಎರಡು ಗಂಟೆಯ ದಾರಿಗೆ ಅವರಿಗೆ 27 ಗಂಟೆ ಹಿಡಿಯಿತು. ಯಾರೋ ಕಾರಿಂದ ಕಾರಿಗೆ ನಡೆದು ಕಿತ್ತಳೆ ಹಣ್ಣು ಹಂಚಿದರು. ಅಲ್ಲಿ ಜನ ಬದುಕಿ ಮನೆ ಸೇರಿದರು. ಅದೇ ವಾರ ಪಾಕಿಸ್ತಾನದ ಮರ್ರೀ ಬೆಟ್ಟದಲ್ಲಿ ಹಿಮ ನೋಡಲು ಹೋದವರ ಕಾರುಗಳು ರಾತ್ರಿ ಹೂತುಹೋದವು. 20ಕ್ಕೂ ಹೆಚ್ಚು ಜನ ಕಾರಿನೊಳಗೇ ಸತ್ತರು, ಮಕ್ಕಳೂ ಸೇರಿ. ಚಳಿಯ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕೂಡ ಆ ಸಾವುಗಳಿಗೆ ಕಾರಣ ಎಂದು ಆಗ ವರದಿಯಾಯಿತು.

ಅದು ಆಗುವುದು ಹೀಗೆ. ಬೆಚ್ಚಗಿರಲಿ ಎಂದು ಎಂಜಿನ್ ಓಡಿಸುತ್ತೇವೆ, ಕಿಟಕಿ ಮುಚ್ಚುತ್ತೇವೆ. ಹಿಂದೆ ಸೈಲೆನ್ಸರ್ ಬಾಯಿಗೆ ಹಿಮ ಕಟ್ಟಿಕೊಳ್ಳುತ್ತದೆ. ಹೊರಗೆ ಹೋಗಬೇಕಾದ ಹೊಗೆ ಕಾರಿನ ತಳದಿಂದ ಒಳಗೆ ನುಗ್ಗುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ವಲ್ಪ ತಲೆನೋವು, ಆಮೇಲೆ ನಿದ್ದೆ. ದಣಿದಿದ್ದೇವೆ, ಅದಕ್ಕೇ ನಿದ್ದೆ ಬರುತ್ತಿದೆ ಅಂದುಕೊಳ್ಳುತ್ತೇವೆ.

ಹಾಗಾಗಿ ಎಂಜಿನ್ ಗಂಟೆಗೆ 10 ನಿಮಿಷ ಮಾತ್ರ ಓಡಿಸಿ. ಪ್ರತಿ ಸಲ ಶುರು ಮಾಡುವ ಮುಂಚೆ ಇಳಿದು ಸೈಲೆನ್ಸರ್ ಸುತ್ತ ಹಿಮ ತೆಗೆಯಿರಿ. ಒಂದು ಕೈ ಕಾರಿನ ಮೇಲೇ ಇರಲಿ, ದಾರಿ ತಪ್ಪುವುದಿಲ್ಲ. ಗಾಳಿ ಬೀಸದ ಕಡೆಯ ಕಿಟಕಿಯನ್ನು ಒಂದು ಬೆರಳಷ್ಟು ಇಳಿಸಿ. ಸಲಿಕೆ ಒಳಗಿರಲಿ ಎಂದು ಹೇಳಿದ್ದು ಇದಕ್ಕೇ. ಟೈರ್ ಬಿಡಿಸುವುದು ಅದರ ಎರಡನೇ ಕೆಲಸ. ಟ್ಯಾಂಕ್ ಯಾವತ್ತೂ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ. ಅರ್ಧ ಟ್ಯಾಂಕ್ ಇದ್ದರೆ ಈ ಲೆಕ್ಕದಲ್ಲಿ ಇಡೀ ರಾತ್ರಿ ಆರಾಮಾಗಿ ಕಳೆಯಬಹುದು.

ಇಲ್ಲಿನ ಹಳಬರು ಕಾಫಿ ಡಬ್ಬಿಯೊಳಗೆ ಮೇಣದ ಬತ್ತಿ ಇಡಿ ಎನ್ನುತ್ತಾರೆ. ಅದರಿಂದ ಒಳಗೆ ಸ್ವಲ್ಪ ಬಿಸಿಯಾಗುವುದು ನಿಜ. ಆದರೆ ಪುಟ್ಟ ಮಗು ಇರುವ ಕಾರಿನಲ್ಲಿ, ಹೊದಿಕೆಗಳ ಮಧ್ಯೆ ಬೆಂಕಿ ಬೇಡ ಎಂಬುದು ನನ್ನ ಅಭಿಪ್ರಾಯ. ಆ ದುಡ್ಡಿಗೆ ಇನ್ನೊಂದು ಹೊದಿಕೆ ತನ್ನಿ.

ತಿನ್ನಲು ಏನು ಎಂದರೆ, ನಮ್ಮ ತಿಂಡಿಗಳೇ ಇದಕ್ಕೆ ಚೆನ್ನ. ಹುರಿಗಡಲೆ, ಹುರಿದ ಶೇಂಗಾ. ನೀರಿನಂಶ ತೀರಾ ಕಡಿಮೆ ಇರುವುದರಿಂದ -25 ಡಿಗ್ರಿಯಲ್ಲೂ ಅಗಿಯಬಹುದು. ಚಿಕ್ಕಿ ಒಳ್ಳೆಯದೇ, ಆದರೆ ಆ ಚಳಿಯಲ್ಲಿ ಕಲ್ಲಾಗುತ್ತದೆ. ಮನೆಯಲ್ಲೇ ಸಣ್ಣ ಚೂರು ಮಾಡಿ ಡಬ್ಬಿಗೆ ಹಾಕಿ. ಖರ್ಜೂರವನ್ನು ಜಾಕೆಟ್ ಒಳಗೆ ಸ್ವಲ್ಪ ಹೊತ್ತು ಇಟ್ಟುಕೊಂಡರೆ ಮೆತ್ತಗಾಗುತ್ತದೆ. ಮಗುವಿಗೆ ಶೇಂಗಾ, ಗಟ್ಟಿ ಕಾಳು ಗಂಟಲಿಗೆ ಸಿಕ್ಕಿಕೊಳ್ಳಬಹುದು, ಅವಳಿಗೆ ಮೆತ್ತಗಿನದು ಬೇರೆಯೇ ಇಡಿ. ನೀರಿನ ಬಾಟಲಿ ಕಾರಿನಲ್ಲೇ ಬಿಟ್ಟರೆ ಹೆಪ್ಪುಗಟ್ಟಿ ಒಡೆಯುತ್ತದೆ. ಹೊರಡುವಾಗ ಪ್ರತಿ ಸಲ ದೊಡ್ಡ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಕೊಳ್ಳಿ. ಒಂದು ಸ್ಟೀಲ್ ಲೋಟವೂ ಇರಲಿ. ನೀರು ಮುಗಿದರೆ ಹೀಟರ್ ಓಡುವ ಆ 10 ನಿಮಿಷದಲ್ಲಿ ಗಾಳಿಯ ಎದುರು ಲೋಟ ಹಿಡಿದು ಹಿಮ ಕರಗಿಸಬಹುದು. ಹಿಮವನ್ನು ಹಾಗೇ ತಿನ್ನಬೇಡಿ, ಮೈ ಇನ್ನೂ ತಣ್ಣಗಾಗುತ್ತದೆ.

ಫೋನ್ ಚಳಿಗೆ ಬೇಗ ಸಾಯುತ್ತದೆ. ನನ್ನದು ಅರ್ಧಕ್ಕಿಂತ ಜಾಸ್ತಿ ಚಾರ್ಜ್ ತೋರಿಸುತ್ತಿದ್ದದ್ದು ಒಮ್ಮೆಲೇ ಆರಿತು. ಒಳ ಜೇಬಿನಲ್ಲಿ, ಮೈಗೆ ತಾಗುವ ಹಾಗೆ ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ರಾತ್ರಿ ಮನೆಯೊಳಗಿರಲಿ, ಹೊರಡುವಾಗ ತೆಗೆದುಕೊಳ್ಳಿ. ರಸ್ತೆ ಬದಿಯ ಮೈಲಿ ಸಂಖ್ಯೆಯ ಹಸಿರು ಫಲಕ ನೋಡುತ್ತಾ ಹೋಗುವ ಅಭ್ಯಾಸ ಮಾಡಿಕೊಳ್ಳಿ. 911ಕ್ಕೆ ಆ ಸಂಖ್ಯೆ ಹೇಳಿದರೆ ಬೇಗ ಹುಡುಕುತ್ತಾರೆ. ಮಿನೆಸೋಟದಲ್ಲಿ ಕರೆ ಹೋಗದಿದ್ದರೆ 911ಕ್ಕೆ ಮೆಸೇಜ್ ಕಳಿಸಬಹುದು. ಒಂದು ಉದ್ದದ ಕೆಂಪು ಬಟ್ಟೆ ಇಟ್ಟುಕೊಂಡು ಬಾಗಿಲ ಹಿಡಿಗೆ ಕಟ್ಟಿ, ಹಿಮದಲ್ಲಿ ಬಿಳಿ ಕಾರು ಯಾರಿಗೂ ಕಾಣುವುದಿಲ್ಲ.

ಕಾರಿನದು ಬೇಗ ಹೇಳಿಬಿಡುತ್ತೇನೆ. ಹಳೆ ಕಾರು ಅಂದಿರಿ, ಮೊದಲು ಬ್ಯಾಟರಿ ಪರೀಕ್ಷೆ ಮಾಡಿಸಿ. -18 ಡಿಗ್ರಿಯಲ್ಲಿ ಬ್ಯಾಟರಿಯ ಅರ್ಧಕ್ಕಿಂತ ಜಾಸ್ತಿ ಶಕ್ತಿ ಹೋಗಿರುತ್ತದೆ, ಎಂಜಿನ್ ಶುರುವಾಗಲು ಬೇಕಾದ ಶಕ್ತಿ ಮಾತ್ರ ಹೆಚ್ಚಾಗಿರುತ್ತದೆ. ಗಾಜು ತೊಳೆಯುವ ಟ್ಯಾಂಕಿಗೆ ಊರಲ್ಲಿ ಹಾಕಿದ ಹಾಗೆ ನೀರು ಹಾಕಬೇಡಿ, ಹೆಪ್ಪುಗಟ್ಟುತ್ತದೆ. ಚಳಿಗಾಲದ ದ್ರವ ಬೇರೆಯೇ ಸಿಗುತ್ತದೆ. ಜಾರುವ ಟೈರಿನ ಕೆಳಗೆ ಹಾಕಲು ಮರಳು ಅಥವಾ ಸಾಕಿದ ಬೆಕ್ಕಿನ ಮಲಮೂತ್ರಕ್ಕೆ ಹಾಕುವ ಮಣ್ಣು (ಕ್ಯಾಟ್ ಲಿಟರ್) ಒಂದು ಚೀಲ. ಉಂಡೆ ಕಟ್ಟುವ ಜಾತಿಯದು ಬೇಡ, ಅದು ಒದ್ದೆಯಾದರೆ ಇನ್ನೂ ಜಾರುತ್ತದೆ. ಬ್ರಷ್ ಇರುವ ಐಸ್ ಸ್ಕ್ರೇಪರ್, ಜಂಪರ್ ಕೇಬಲ್, ತಲೆಗೆ ಕಟ್ಟುವ ಟಾರ್ಚ್. ನಿಮ್ಮ ರೆಡಿ ಕಿಟ್ ಕೊಂಡರೆ ಇಲ್ಲಿ ಸ್ವಲ್ಪ ಕೆಲಸಕ್ಕೆ ಬರುತ್ತದೆ.

ಹೊರಡುವ ಮುಂಚೆ 511 ಎಂಬ ರಸ್ತೆ ಮಾಹಿತಿ ಸೇವೆಯಲ್ಲಿ ರಸ್ತೆಯ ಸ್ಥಿತಿ ತಿಳಿದುಕೊಳ್ಳಿ. ಪ್ರಯಾಣ ಬೇಡ ಎಂದಿದ್ದರೆ ಹೊರಡಬೇಡಿ, ಆಕಾಶ ಎಷ್ಟೇ ನೀಲಿಯಾಗಿರಲಿ. ಹೊರಟ ಸಮಯ, ಹೋಗುವ ದಾರಿ ಒಬ್ಬ ಸ್ನೇಹಿತರಿಗೆ ತಿಳಿಸಿಡಿ.

ಇನ್ನೊಂದು ಕೆಲಸ. ಎಲ್ಲ ಜೋಡಿಸಿದ ಮೇಲೆ ಒಂದು ರಾತ್ರಿ ಮಗಳು ಮಲಗಿದಾಗ, ನಿಮ್ಮಲ್ಲೊಬ್ಬರು ಮನೆ ಮುಂದೆ ನಿಂತ ಕಾರಿನಲ್ಲಿ ಎಂಜಿನ್ ಹಾಕದೆ 20 ನಿಮಿಷ ಕೂತು ನೋಡಿ. ಆಮೇಲೆ ಇನ್ನೊಬ್ಬರು ಕೂರಲಿ. ಏನು ಕಮ್ಮಿಯಿದೆ ಅನ್ನಿಸುತ್ತದೋ ಅದನ್ನು ಆಗಲೇ ಮನೆಯೊಳಗಿಂದ ತಂದು ಹಿಂದಿನ ಸೀಟಿನ ಬಳಿ ಇಡಿ.