ಹನ್ನೆರಡು ಲಕ್ಷಕ್ಕೆ ಕಾಮಾ ಎಲ್ಲಿ?

ಪ್ರಶ್ನೆ: ಗೆಳೆಯರಿಗಾಗಿ ಮೈನ್‌ಕ್ರಾಫ್ಟ್ ಸರ್ವರ್ ನಡೆಸುತ್ತಿದ್ದೇನೆ. ಸ್ಕೋರ್‌ಬೋರ್ಡಿನಲ್ಲಿ ಆಟಗಾರನ ದುಡ್ಡಿನ ಬದಲು %ವಾಲ್ಟ್_ಇಕೋ_ಬ್ಯಾಲೆನ್ಸ್% ಅಂತಲೇ ಕಾಣುತ್ತದೆ. ಇದು ಸರಿಹೋದರೆ 1234567 ಅನ್ನು 12,34,567 ಎಂದು ತೋರಿಸಬಹುದಾ? ಜಾವಾ ಸ್ವಲ್ಪ ಬರುತ್ತದೆ.
— ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಶೇಕಡಾ ಚಿಹ್ನೆಗಳ ನಡುವಿನ ಇಂಥ ಹೆಸರಿನ ಜಾಗಕ್ಕೆ ನಿಜವಾದ ಮೌಲ್ಯ ತುಂಬುವ ಪ್ಲಗಿನ್ (ಸರ್ವರಿಗೆ ಸೇರಿಸುವ ತಂತ್ರಾಂಶ) ಪ್ಲೇಸ್‌ಹೋಲ್ಡರ್‌ಎಪಿಐ. ಅದನ್ನು ಹಾಕಿದ ಮಾತ್ರಕ್ಕೆ ಎಲ್ಲವೂ ಬರುವುದಿಲ್ಲ. ಹೆಸರುಗಳ ಒಂದೊಂದು ಗುಂಪಿಗೂ ಬೇರೆ ಎಕ್ಸ್‌ಪಾನ್ಶನ್, ಅಂದರೆ ಅದಕ್ಕೆ ಸೇರಿಸುವ ಸಣ್ಣ ತುಣುಕು, ಬೇಕು. ಕನ್ಸೋಲಿನಲ್ಲಿ ‘ಪಾಪಿ ಇಕ್ಲೌಡ್ ಡೌನ್‌ಲೋಡ್ ವಾಲ್ಟ್’ ಕೊಡಿ, ಆಮೇಲೆ ‘ಪಾಪಿ ರೀಲೋಡ್’. (ಕಮಾಂಡಿನ ಹೆಸರು ನಿಜಕ್ಕೂ ಪಾಪಿ. ನಾನೇನು ಮಾಡಲಿ! ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ.) ವಾಲ್ಟ್ (ದುಡ್ಡಿನ ಪ್ಲಗಿನ್ನನ್ನು ಬೇರೆ ಪ್ಲಗಿನ್‌ಗಳಿಗೆ ಬೆಸೆಯುವ ಪ್ಲಗಿನ್) ಜೊತೆ ಎಸೆನ್ಷಿಯಲ್ಸ್‌ಎಕ್ಸ್ ಥರದ ದುಡ್ಡಿನ ಪ್ಲಗಿನ್ ಕೂಡ ಇರಬೇಕು. ಆಟದೊಳಗೆ ‘ಪಾಪಿ ಪಾರ್ಸ್ ಮಿ’ ಕೊಟ್ಟು ಮುಂದೆ ಆ ಹೆಸರು ಹಾಕಿದರೆ, ತಪ್ಪು ಸ್ಕೋರ್‌ಬೋರ್ಡಿನದೋ ಎಕ್ಸ್‌ಪಾನ್ಶನ್ನಿನದೋ ಅಂತ ತಕ್ಷಣ ಗೊತ್ತಾಗುತ್ತದೆ.

ಇನ್ನು ಕಾಮಾ. ಹೆಸರಿನ ಕೊನೆಗೆ ‘_ಕಾಮಾಸ್’ ಸೇರಿಸಿದರೆ 1,234,567 ಬರುತ್ತದೆ. ‘_ಫಾರ್ಮ್ಯಾಟೆಡ್’ ಸೇರಿಸಿದರೆ ಮಿಲಿಯನ್ ಲೆಕ್ಕದಲ್ಲಿ ಚುಟುಕಾಗಿ ಬರುತ್ತದೆ. ನನಗದು ಹಿಡಿಸುವುದಿಲ್ಲ. ಹತ್ತು ರೂಪಾಯಿ ಖರ್ಚಾದರೂ ಬೋರ್ಡು ಅಲುಗುವುದಿಲ್ಲ, ಹುಡುಗರು ‘ದುಡ್ಡು ಕಟ್ ಆಗಿಲ್ಲ’ ಅಂತ ಜಗಳಕ್ಕೆ ಬರುತ್ತಾರೆ.

ಲಕ್ಷದ ಕಾಮಾಕ್ಕೆ ನೀವೇ ಒಂದು ಸಣ್ಣ ಎಕ್ಸ್‌ಪಾನ್ಶನ್ ಬರೆಯಬೇಕು. ಸಂಖ್ಯೆಗಳಿಗೆ ಕಾಮಾ ಹಾಕಿಕೊಡುವ ಜಾವಾದ ಡೆಸಿಮಲ್‌ಫಾರ್ಮ್ಯಾಟ್‌ಗೆ ‘#,##,##0’ ಕೊಟ್ಟರೆ ಸಾಕು ಅನಿಸುತ್ತದೆ ಅಲ್ವಾ? ಸಾಲದು. ಅದು ಕೊನೆಯ ಕಾಮಾದ ಆಚೆ ಎಷ್ಟು ಅಂಕಿ ಇವೆ ಅಂತ ಮಾತ್ರ ನೋಡುತ್ತದೆ. ಅಲ್ಲಿ ಮೂರು ಇದ್ದರೆ ಎಲ್ಲಾ ಕಡೆಯೂ ಮೂರೇ. ಐಸಿಯು4ಜೆ ಲೈಬ್ರರಿಗೆ ನಮ್ಮ ಲೆಕ್ಕ ಗೊತ್ತು. ಆದರೆ ಇಷ್ಟಕ್ಕೆ ಅಷ್ಟು ದೊಡ್ಡ ಲೈಬ್ರರಿ ಸುಮ್ನೆ ಭಾರ. ಪೈಸೆ, ಮೈನಸ್ ಚಿಹ್ನೆ ಎರಡನ್ನೂ ಮೊದಲು ಬೇರೆ ಇಡಿ. ಬಲದಿಂದ ಮೂರು ಅಂಕಿ ಕತ್ತರಿಸಿ. ಉಳಿದದ್ದನ್ನು ಬಲದಿಂದಲೇ ಎರಡೆರಡಾಗಿ ಕತ್ತರಿಸುತ್ತಾ ಹೋಗಿ, ಕಾಮಾ ಹಾಕಿ ಜೋಡಿಸಿ. ನಿಮ್ಮ ಕೋಡ್ ನಲ್ (‘ಏನೂ ಇಲ್ಲ’ ಅಂತ) ಕೊಟ್ಟರೆ ಮತ್ತೆ ಶೇಕಡಾ ಚಿಹ್ನೆ ಸಮೇತ ಹೆಸರೇ ಕಾಣುತ್ತದೆ, ಹಾಗಾಗಿ ಆಟಗಾರ ಸಿಗದಿದ್ದರೆ ‘0’ ಕೊಡಿ.

ಅಂಗಡಿ ಮೆನುವಿನಲ್ಲಿ ‘5000ಕ್ಕಿಂತ ಜಾಸ್ತಿ ಇದೆಯಾ’ ಅಂತ ನೋಡುವ ಕಡೆ ಮಾತ್ರ ಕಾಮಾ ಇಲ್ಲದ ಮೂಲ ಹೆಸರನ್ನೇ ಉಳಿಸಿ. ಕಾಮಾ ಸೇರಿದ ಮೇಲೆ ಅದು ಬರೀ ಅಕ್ಷರ, ಹೋಲಿಕೆ ಕೆಡುತ್ತದೆ.